ಒಂದು ಉದ್ಧರಣೆ ತೀರ್ಥ, ಐದು ಇಲಾಖೆ

ನಮ್ಮ ಕಾಲೊನಿಯ ಗೇಟಿನ ಮೇಲೆ ಇಂದಿಗೂ ಒಂದು ಬ್ಯಾನರ್ ಇದೆ. ಬಿಸಿಲಿಗೆ ಬಣ್ಣ ಹೋಗಿದೆ, ಒಂದು ಮೂಲೆಯ ಹಗ್ಗ ಬಿಚ್ಚಿ ಜೋತಾಡುತ್ತಿದೆ, ಆದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಐದು ಕೈಗಳು ಒಂದರ ಮಣಿಕಟ್ಟನ್ನು ಒಂದು ಹಿಡಿದುಕೊಂಡಿವೆ, ನಡುವೆ ನಗುತ್ತಿರುವ ಒಂದು ಮಗು. ಆರೋಗ್ಯ ಎಲ್ಲರ ಹೊಣೆ, ಎಲ್ಲ ಇಲಾಖೆಗಳೂ ಒಂದಾಗಿ ನಿಮ್ಮ ಮನೆ ಬಾಗಿಲಿಗೆ, ಎಂದು ಕೆಳಗೆ ದೊಡ್ಡ ಹಿಂದಿ ಅಕ್ಷರಗಳಲ್ಲಿ ಬರೆದಿದೆ. ತರಕಾರಿ ತರಲು ಹೋಗುವಾಗ ದಿನವೂ ಅದರ ಕೆಳಗೇ ಹಾಯಬೇಕು. ದಿನವೂ ನನ್ನ ಮೈ ಉರಿಯುತ್ತದೆ. ತಲೆ ಎತ್ತಬೇಡ, ಸುಮ್ಮನೆ ನಡಿ ಎಂದು ನನ್ನ ಗಂಡ ಹೇಳುತ್ತಾರೆ. ನಾನು ಬೇಕೆಂದೇ ತಲೆ ಎತ್ತುತ್ತೇನೆ.

ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತೆಯಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತಳಾದವಳು. ಇಲಾಖೆಗಳು ಒಂದಾಗುವುದು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮೇಜು, ಸುತ್ತಲೂ ಕುರ್ಚಿ, ಒಂದು ತಟ್ಟೆ ಬಿಸ್ಕತ್ತು. ಕೊನೆಯಲ್ಲಿ, ಮುಂದಿನ ಸಭೆಯಲ್ಲಿ ಚರ್ಚಿಸತಕ್ಕದ್ದು ಎಂಬ ಒಂದು ಸಾಲು. ಆ ಸಾಲನ್ನು ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಹಾಗಿದ್ದೂ ಈ ಬ್ಯಾನರ್ ಕಟ್ಟಿದ ದಿನ ನಾನು ಖುಷಿಪಟ್ಟಿದ್ದೆ. ಏಕೆಂದರೆ ಯೋಚನೆ ಸರಿಯಾಗಿಯೇ ಇತ್ತು. ಕಾಯಿಲೆ ಡಾಕ್ಟರರ ಕೈಯಲ್ಲಿ ಮಾತ್ರ ಇರುವುದಿಲ್ಲ, ಚರಂಡಿಯಲ್ಲಿ ಇರುತ್ತದೆ, ರಸ್ತೆಯ ಕೆಳಗಿನ ಪೈಪಿನಲ್ಲಿ ಇರುತ್ತದೆ, ಕಸದ ಗಾಡಿ ಬಾರದ ಬೀದಿಯಲ್ಲಿ ಇರುತ್ತದೆ. ಅವರೆಲ್ಲ ಒಟ್ಟಿಗೆ ಕೂತು ಕೆಲಸ ಮಾಡಿದರೆ ಅರ್ಧ ಆಸ್ಪತ್ರೆ ಖಾಲಿಯಾಗುತ್ತದೆ. ನಮ್ಮ ಕಾಲೊನಿಯನ್ನು ಇದಕ್ಕೆ ಮಾದರಿಯಾಗಿ ಆರಿಸಿದ್ದಾರೆ ಎಂದಾಗ, ಕೊನೆಗೂ ಯಾರಿಗೋ ಬುದ್ಧಿ ಬಂತಲ್ಲ ಅಂದುಕೊಂಡೆ.

ಆಗ ನನ್ನ ಮಗಳು ಬಸುರಿ. ಗ್ರೇಟರ್ ನೋಯ್ಡಾದಲ್ಲಿ ಅವರ ಮನೆ, ಹದಿನಾಲ್ಕನೇ ಮಹಡಿ. ಅಳಿಯ ಬೆಳಿಗ್ಗೆ ಕಾರು ಹತ್ತಿದರೆ ಕತ್ತಲಾದ ಮೇಲೆ ಮನೆಗೆ ಬರುವುದು. ಇವಳೊಬ್ಬಳೇ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಾಳೆ ಎಂದು ನನ್ನ ಅತ್ತೆ ದಿನಾ ಕೊರಗುತ್ತಿದ್ದರು. ಆಫೀಸಿನ ಕೆಲಸವನ್ನು ದೆಹಲಿಯ ಜನಕಪುರಿಯ ನಮ್ಮ ಮನೆಯಿಂದಲೇ ಮಾಡಲಿ, ಇಲ್ಲಿ ನಾವು ಮೂರು ಜನ ಇದ್ದೇವೆ ಎಂದು ಹಟ ಹಿಡಿದು ಕರೆಸಿಕೊಂಡರು. ಅತ್ತೆಗೆ ಎಂಬತ್ತು ದಾಟಿದೆ, ಈ ಮೊಮ್ಮಗಳನ್ನು ಬೆಳೆಸಿದವರೇ ಅವರು. ನಾನು ಬಸ್ಸು ಹಿಡಿದು ಆಫೀಸಿಗೆ ಓಡುತ್ತಿದ್ದ ಕಾಲದಲ್ಲಿ ಅವಳ ಜಡೆ, ಊಟ, ಜ್ವರ ಎಲ್ಲ ಅತ್ತೆಯದೇ. ಅದಕ್ಕೇ ಅವಳಿಗೆ ಕನ್ನಡ ಅಷ್ಟಾದರೂ ಬರುತ್ತದೆ.

ನಮ್ಮದು ನೆಲಮಹಡಿಯ ಹಳೆಯ ಫ್ಲ್ಯಾಟು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ನೀರು ಬರುತ್ತದೆ. ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಕುಡಿಯಲು ಫಿಲ್ಟರಿನ ನೀರು. ಮಗಳು ಬಂದ ಮೇಲೆ ನಾನು ಅದನ್ನೂ ನಂಬದೆ, ಫಿಲ್ಟರಿನ ನೀರನ್ನೇ ಮತ್ತೆ ಕುದಿಸಿ ಆರಿಸಿಡುತ್ತಿದ್ದೆ. ಹಣ್ಣು ತೊಳೆಯುವುದಕ್ಕೂ ಅದೇ. ಗಲ್ಲಿಯ ಮೂಲೆಯಲ್ಲಿ ಪಾನಿಪುರಿಯ ಹಾಗಿನ ಗೋಲ್‌ಗಪ್ಪಾ ಮಾರುವ ಭಯ್ಯಾ ಅವಳನ್ನು ಸ್ಕೂಲಿನ ಕಾಲದಿಂದ ಬಲ್ಲವನು. ಅವನೇ ಕರೆದರೂ ಹೋಗಕೂಡದು ಎಂದು ತಾಕೀತು ಮಾಡಿದ್ದೆ. ಅವಳು ಮುಖ ಊದಿಸಿಕೊಂಡರೂ ಮಾತು ಕೇಳಿದಳು.

ಆದರೆ ದೇವರ ಮನೆಯ ಕಾನೂನು ಬೇರೆ. ಅತ್ತೆಯ ಪ್ರಕಾರ ಫಿಲ್ಟರಿನ ನೀರು ಮಡಿಯಲ್ಲ. ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗಿಂದ ಬರುವ ನೀರು ದೇವರಿಗೆ ಹೇಗೆ ಆಗುತ್ತದೆ ಎಂದು ಕೇಳುತ್ತಿದ್ದರು. ಟ್ಯಾಂಕಿನದು ನಿಂತ ನೀರು, ಅದೂ ಬೇಡ. ಬೆಳಗಿನ ಜಾವ ನೀರು ಬಿಟ್ಟ ಕೂಡಲೇ ಒದ್ದೆ ಸೀರೆಯಲ್ಲಿ ಹಿತ್ತಲ ನಲ್ಲಿಗೆ ಹೋಗಿ, ನೇರ ಲೈನಿನಿಂದ ಒಂದು ತಾಮ್ರದ ಚೊಂಬು ಹಿಡಿದು, ಬಿಳಿ ಬಟ್ಟೆಯಲ್ಲಿ ಶೋಧಿಸಿ ತರುತ್ತಿದ್ದರು. ಅಭಿಷೇಕ ಅದರಲ್ಲೇ. ಅದಕ್ಕೆ ತುಳಸಿ, ಚಿಟಿಕೆ ಪಚ್ಚಕರ್ಪೂರ ಹಾಕಿ ಪೂಜೆಯಾದ ಮೇಲೆ ನಮಗೆಲ್ಲ ಮೂರು ಮೂರು ಉದ್ಧರಣೆ ತೀರ್ಥ. ಉದ್ಧರಣೆ ಎಂದರೆ ಎಷ್ಟು ಮಹಾ? ಮಗುವಿಗೆ ಔಷಧಿ ಹಾಕುವ ಚಮಚಕ್ಕಿಂತ ಚಿಕ್ಕದು. ಮಗಳು ಮೀಟಿಂಗಿನಲ್ಲಿದ್ದರೆ ಅತ್ತೆ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದರು, ಅವಳು ಕಿವಿಯ ಇಯರ್‌ಫೋನ್ ತೆಗೆಯದೆಯೇ ಅಂಗೈ ಚಾಚುತ್ತಿದ್ದಳು. ಅದು ನೀರು ಎಂದು ನಮಗೆ ಯಾರಿಗೂ ಅನಿಸಲಿಲ್ಲ. ತೀರ್ಥವನ್ನು ಯಾರು ನೀರೆಂದು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಾದರಿ ಕಾಲೊನಿ ಎಂದ ಮೇಲೆ ಮೊದಲು ಆದ ಕೆಲಸ ರಸ್ತೆಯದು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಹೊಂಡದ ರಸ್ತೆಯಲ್ಲಿ ಅವರನ್ನು ನಡೆಸಲಾದೀತೆ? ಮೊದಲು ಚರಂಡಿ ಅಗಲ ಮಾಡಲು ಯಂತ್ರ ತಂದು ಅಗೆದರು. ನಂತರ ಅಗೆದ ಮಣ್ಣನ್ನೆಲ್ಲ ಅಲ್ಲೇ ತುಂಬಿ, ಮೇಲೆ ಕರ್ರಗೆ ಹೊಸ ಡಾಂಬರು ಹಾಕಿದರು. ಮಿರಿಮಿರಿ ಮಿಂಚುವ ರಸ್ತೆ. ಮೇಲಿನ ಮನೆಯ ಪಂಜಾಬಿ ಆಂಟಿ ಮೊಬೈಲಿನಲ್ಲಿ ಅದರ ಫೋಟೊ ತೆಗೆದು ತನ್ನ ಅಕ್ಕತಂಗಿಯರಿಗೆಲ್ಲ ಕಳಿಸಿದರು.

ಡಾಂಬರು ಆರುವ ಮೊದಲೇ ನೀರು ನಾರತೊಡಗಿತು.

ದಿನವೂ ಅಲ್ಲ. ಒಂದು ದಿನ ಮೊದಲ ನೀರು ಹಳದಿಯಾಗಿ ಬರುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಮರುದಿನ ತಿಳಿ. ಅಗೆಯುವಾಗ ಎಲ್ಲೋ ಕುಡಿಯುವ ನೀರಿನ ಪೈಪಿಗೆ ಪೆಟ್ಟಾಗಿದೆ, ಒಳಚರಂಡಿಯ ನೀರು ಅದರೊಳಗೆ ಇಳಿಯುತ್ತಿದೆ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿರಲಿಲ್ಲ. ಫೋನು ಮಾಡಿದೆ, ಆನ್‌ಲೈನಿನಲ್ಲಿ ದೂರು ಕೊಟ್ಟೆ. ನೀರಿನ ಇಲಾಖೆಯ ಕಿರಿಯ ಇಂಜಿನಿಯರ್ ಬಂದ. ಒಳ್ಳೆಯ ಮನುಷ್ಯನೇ. ನಲ್ಲಿ ಬಿಟ್ಟು ಮೂಸಿದ, ಮುಖ ಸಿಂಡರಿಸಿದ. ಗೇಟಿನ ಬಳಿಯೇ ಒಡೆದಿರಬೇಕು, ಅರ್ಧ ದಿನದ ಕೆಲಸ ಎಂದ. ಹಾಗಾದರೆ ಮಾಡಿ ಎಂದೆ. ಅದಕ್ಕೆ ರಸ್ತೆ ಕತ್ತರಿಸಬೇಕು ಮೇಡಂ, ರಸ್ತೆ ನಮ್ಮದಲ್ಲ ಎಂದ.

ರಸ್ತೆ ಇಲಾಖೆಗೆ ಹೋದೆ. ಆಟೋದಲ್ಲಿ, ಆ ಧೂಳಿನಲ್ಲಿ, ಮಂಡಿನೋವು ಇಟ್ಟುಕೊಂಡು. ಅಲ್ಲಿಯ ಸಾಹೇಬರು ಬಹಳ ಮರ್ಯಾದೆಯಿಂದ ಕೂರಿಸಿದರು. ನಾನೂ ಸರ್ಕಾರಿ ನೌಕರಳಾಗಿದ್ದೆ ಎಂದು ಗೊತ್ತಾದ ಮೇಲೆ ಚಹಾ ತರಿಸಿದರು. ಹೊಸ ರಸ್ತೆ, ಗ್ಯಾರಂಟಿ ಅವಧಿಯಲ್ಲಿ ಕತ್ತರಿಸಿದರೆ ಗುತ್ತಿಗೆದಾರ ಕೈ ತೊಳೆದುಕೊಳ್ಳುತ್ತಾನೆ, ಅದೂ ಉದ್ಘಾಟನೆಯ ಮೊದಲು ಸಾಧ್ಯವೇ ಇಲ್ಲ ಎಂದರು. ಮನೆಯಲ್ಲಿ ಬಸುರಿ ಇದ್ದಾಳೆ ಎಂದೆ. ಅಭಿನಂದನೆ ಹೇಳಿದರು. ಸತ್ಯವಾಗಿ ಹೇಳುತ್ತೇನೆ, ಅಭಿನಂದನೆ ಹೇಳಿದರು. ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಪಾಲಿಕೆಯವರನ್ನು ಕೇಳಿದರೆ, ಮೇಲಿನ ಚರಂಡಿ ನಮ್ಮದು, ನೆಲದೊಳಗಿನದು ನೀರಿನವರದು ಎಂದರು. ಆರೋಗ್ಯ ಇಲಾಖೆಯವರು ಎರಡು ಹುಡುಗಿಯರ ಕೈಯಲ್ಲಿ ಕರಪತ್ರ ಕಳಿಸಿದರು. ನೀರನ್ನು ಕುದಿಸಿ ಕುಡಿಯಿರಿ, ಊಟಕ್ಕೆ ಮೊದಲು ಕೈ ತೊಳೆಯಿರಿ. ಯಾವ ನೀರಿನಲ್ಲಿ ತೊಳೆಯಲಿ ಎಂದು ಆ ಹುಡುಗಿಯರ ಮೇಲೆ ಹರಿಹಾಯ್ದೆ. ಪಾಪ, ಅವರೇನು ಮಾಡುತ್ತಾರೆ, ಮನೆಮನೆಗೆ ಹಂಚಬೇಕೆಂದು ಯಾರೋ ಹೇಳಿದ್ದಾರೆ, ಹಂಚುತ್ತಿದ್ದಾರೆ. ಐದನೆಯದು ತೋಟಗಾರಿಕೆ. ಅವರು ಮಾತ್ರ ಯಾರ ಅಪ್ಪಣೆಗೂ ಕಾಯದೆ ಹೊಸ ರಸ್ತೆಯ ಎರಡೂ ಬದಿಗೆ ಚೆಂಡುಹೂವಿನ ಕುಂಡ ಇಟ್ಟು ಹೋದರು.

ಮೂವತ್ತು ವರ್ಷ ಕಡತ ಓಡಾಡಿಸಿದವಳು ನಾನು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಾಗದ ಹೋಗುವುದು ನನಗೆ ಉಸಿರಾಟದಷ್ಟು ಸಹಜ. ಆದರೆ ಈಚೆ ಬದಿ ನಿಂತು ಆ ಕಾಗದದ ದಾರಿ ಕಾಯುವುದು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಹಲ್ಲು ಕಡಿದು ಕಡಿದು ನನ್ನ ದವಡೆ ನೋಯುತ್ತಿತ್ತು. ಅತ್ತೆ ಮಾತ್ರ ಶಾಂತವಾಗಿದ್ದರು. ನೀರು ನಾರಿದ ದಿನ ಹಿಂದಿನ ದಿನದ್ದನ್ನು ಬಳಸುತ್ತಿದ್ದರು, ತಿಳಿಯಾಗಿ ಬಂದ ದಿನ ಹೊಸದಾಗಿ ಹಿಡಿಯುತ್ತಿದ್ದರು. ತಿಳಿಯಾಗಿದ್ದರೆ ಶುದ್ಧ ಎಂದು ಅವರ ನಂಬಿಕೆ. ಅವರು ಹುಟ್ಟಿ ಬೆಳೆದ ಊರಿನಲ್ಲಿ ಅದು ನಿಜವೂ ಆಗಿತ್ತೇನೋ.

ಉದ್ಘಾಟನೆ ನಮ್ಮ ಪಾರ್ಕಿನಲ್ಲೇ ಆಯಿತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸ್ಕೂಲಿನ ಮಕ್ಕಳ ಹಾಡು. ಐದೂ ಇಲಾಖೆಯವರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಮುಂದೆಯೂ ಸೀಲ್ ಮಾಡಿದ ನೀರಿನ ಬಾಟಲಿ. ಅದೊಂದು ವಿಷಯದಲ್ಲಿ ಅವರು ನಿಜಕ್ಕೂ ಒಂದಾಗಿದ್ದರು. ಕೈ ಕೈ ಹಿಡಿದು ಮೇಲೆತ್ತಿ ಫೋಟೊ ತೆಗೆಸಿಕೊಂಡರು. ಐದೂ ಇಲಾಖೆಗಳ ಸಮಿತಿಯ ಮುಖ್ಯಸ್ಥರು ಒಂದೂವರೆ ಪುಟದ ಭಾಷಣ ಓದಿ, ಬಾಟಲಿಯ ಮುಚ್ಚಳ ತಿರುವಿ ಗುಟುಕರಿಸಿದರು. ನಾನು ಎದ್ದು ನಿಂತು, ರಸ್ತೆಯನ್ನು ಯಾವಾಗ ಕತ್ತರಿಸುತ್ತೀರಿ ಎಂದು ಕೇಳಿದೆ. ಉದ್ಘಾಟನೆಯ ದಿನ ರಸ್ತೆ ಕತ್ತರಿಸುವ ಮಾತು! ಪಕ್ಕದ ಕುರ್ಚಿಯವರು ಅಪಶಕುನ ಕಂಡ ಹಾಗೆ ನೋಡಿದರು. ಮುಖ್ಯಸ್ಥರು ನಕ್ಕು, ಎಲ್ಲ ಇಲಾಖೆಗಳೂ ಸೇರಿ ಜಂಟಿ ಪರಿಶೀಲನೆ ಮಾಡುತ್ತೇವೆ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡ ನನ್ನ ಸೆರಗು ಹಿಡಿದು ಕೂರಿಸಿದರು.

ಮಗಳಿಗೆ ಸೀಮಂತ ಮಾಡಿದೆವು. ಹಸಿರು ಸೀರೆ, ಹಸಿರು ಬಳೆ, ಮುಡಿತುಂಬ ಮಲ್ಲಿಗೆ. ಮಲ್ಲಿಗೆಗಾಗಿ ನನ್ನ ಗಂಡ ಮೆಟ್ರೋ ಹತ್ತಿ ಎಲ್ಲಿಗೋ ಹೋಗಿ ಬಂದಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ಅವಳಿಗೆ ಊಟ ಸೇರದಾಯಿತು. ಬಸುರಿಗೆ ಸಹಜ ಎಂದುಕೊಂಡೆವು. ಆಮೇಲೆ ವಾಂತಿ, ಸುಸ್ತು. ಒಂದು ಬೆಳಿಗ್ಗೆ ತೀರ್ಥ ಕೊಡಲು ಹೋದ ಅತ್ತೆ ಉದ್ಧರಣೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಕಿಟಕಿಯ ಬೆಳಕಿಗೆ ಮುಖ ತಿರುಗಿಸು ಎಂದು ಅವಳ ಗಲ್ಲ ಹಿಡಿದರು.

“ಇವಳ ಕಣ್ಣು ನೋಡೇ. ಅರಿಸಿನ ಬಳಿದ ಹಾಗಿದೆ.”

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕಾಮಾಲೆ. ಕೊಳಚೆ ಸೇರಿದ ನೀರಿನಿಂದ ಬರುವಂಥದು. ಬೇರೆಯವರಾದರೆ ಸ್ವಲ್ಪ ದಿನ ಮಲಗಿ ಏಳುತ್ತಾರೆ, ತುಂಬಿದ ಬಸುರಿಗೆ ಇದು ಪ್ರಾಣಕ್ಕೆ ಬರುತ್ತದೆ, ತಾಯಿ ಮಗು ಇಬ್ಬರ ಮೇಲೂ ಕಣ್ಣಿಟ್ಟಿರಬೇಕು ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು. ಯಾವ ನೀರು ಕುಡಿಯುತ್ತಾಳೆ ಎಂದು ಕೇಳಿದರು. ಫಿಲ್ಟರ್ ಮಾಡಿ ಕುದಿಸಿದ್ದು ಎಂದು ನಾನು ಎದೆ ತಟ್ಟಿ ಹೇಳಿದೆ. ಹೊರಗಿನ ತಿಂಡಿ? ಇಲ್ಲ. ಐಸು? ಇಲ್ಲ. ಕಬ್ಬಿನ ಹಾಲು? ಇಲ್ಲವೇ ಇಲ್ಲ. ಮತ್ತೆ ಯೋಚಿಸಿ, ಹಲ್ಲುಜ್ಜುವಾಗ, ಔಷಧಿ ನುಂಗುವಾಗ, ಒಂದು ಗುಟುಕಾದರೂ ಎಂದರು. ಮಂಚದ ಮೇಲಿಂದ ಮಗಳು ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಅಮ್ಮಾ, ವೋ ತೀರ್ಥ... ಅಜ್ಜಿ ಕೊಡ್ತಾರಲ್ಲ, ರೋಜ಼್.”

ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರಿಗೆ ಹಿಂದಿ ಅರ್ಧಂಬರ್ಧ, ಆದರೆ ಆ ಮಾತಿಗೆ ಹಿಂದಿ ಬೇಕಾಗಿರಲಿಲ್ಲ. ವಾರ್ಡಿನ ಹೊರಗಿನ ಬೆಂಚಿಗೆ ಹೋಗಿ ಕೂತರು. ನಾವು ಮನೆಗೆ ಹೋಗೋಣ ಎಂದರೆ ಏಳಲಿಲ್ಲ. ಅದೇ ತೀರ್ಥ ನಾವೂ ತೆಗೆದುಕೊಂಡಿದ್ದೆವು, ನಮಗೆ ಏನೂ ಆಗಿರಲಿಲ್ಲ, ಕೆಲವರ ಮೈ ಸದ್ದಿಲ್ಲದೆ ಗೆದ್ದುಬಿಡುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅದು ಅತ್ತೆಗೆ ಸಮಾಧಾನದ ಮಾತಾಗಲಿಲ್ಲ. ತಾವು ಗಟ್ಟಿಯಾಗಿ ಉಳಿದದ್ದೇ ಅವರಿಗೆ ಇನ್ನೊಂದು ತಪ್ಪಿನ ಹಾಗೆ ಕಂಡಿತು.

ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲವೇ ಎಂದು ಎಷ್ಟೋ ಜನ ಕೇಳಿದ್ದಾರೆ. ಬರಲಿಲ್ಲ. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು. ನಲ್ಲಿ ತಿರುಗಿಸಿದರೆ ಬರುವುದು ಕುಡಿಯುವ ನೀರು ಎಂದು ನಂಬಿದ್ದು ಮುದುಕಿಯ ಮೂಢತನವಲ್ಲ. ಅದಕ್ಕೆ ನಾವು ಬಿಲ್ಲು ಕಟ್ಟುತ್ತೇವೆ. ಆ ಬಿಲ್ಲಿನ ಮೇಲೆ ಒಳಚರಂಡಿ ನೀರು ಎಂದು ಬರೆದಿರುವುದಿಲ್ಲ.

ಅಷ್ಟರಲ್ಲಿ ಕಾಲೊನಿಯಲ್ಲಿ ಬೇರೆ ಮನೆಗಳಲ್ಲೂ ಕಾಮಾಲೆ ಕಾಣಿಸಿಕೊಂಡಿತ್ತು. ಮೇಲಿನ ಪಂಜಾಬಿ ಆಂಟಿಯ ಮಗ ಮಲಗಿದ್ದ. ಗೇಟಿನ ಬಳಿ ಇಸ್ತ್ರಿ ಮಾಡುವವನ ಹೆಂಡತಿಯೂ ಮಲಗಿದ್ದಳು. ಆಗ, ಕೊನೆಗೂ, ಜಂಟಿ ಪರಿಶೀಲನೆಗೆ ಬಂದರು. ಐದು ಇಲಾಖೆ, ಐದು ಬಿಳಿ ಕಾರು. ಕಾಯಿಲೆ ಹೆಚ್ಚು ಗಂಭೀರವಾದ ಮನೆ ಎಂದು ಮೊದಲು ನಮ್ಮಲ್ಲಿಗೇ ಬಂದರು. ಮಗಳು ಆಸ್ಪತ್ರೆಯಲ್ಲೇ ಇದ್ದಳು. ಅಳಿಯ ಅಲ್ಲಿ ಕೂತಿದ್ದ, ನಾವು ಬಟ್ಟೆ ಒಯ್ಯಲು ಮನೆಗೆ ಬಂದಿದ್ದೆವು. ನಾನು ನಲ್ಲಿ ತೋರಿಸಿದೆ, ಗೇಟಿನ ಬಳಿಯ ಜಾಗ ತೋರಿಸಿದೆ, ಕಿರಿಯ ಇಂಜಿನಿಯರ್ ಅಲ್ಲೇ ಇದ್ದಾನೆ, ಅವನನ್ನೇ ಕೇಳಿ ಎಂದೆ. ಅವನು ನೆಲ ನೋಡುತ್ತಿದ್ದ. ಅವತ್ತು ದುರದೃಷ್ಟಕ್ಕೆ ನೀರು ತಿಳಿಯಾಗಿ ಬರುತ್ತಿತ್ತು. ಸೀಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ, ನೋಡುವುದಕ್ಕೆ ಚೆನ್ನಾಗಿದೆಯಲ್ಲ ಎಂದರು ರಸ್ತೆಯವರು.

ಆಗ ದೇವರ ಮನೆಯಿಂದ ಅತ್ತೆ ಹೊರಗೆ ಬಂದರು. ಕೈಯಲ್ಲಿ ತಾಮ್ರದ ಚೊಂಬು. ಅದನ್ನು ಮುಖ್ಯಸ್ಥರ ಮುಂದೆ ಹಿಡಿದು, ತಮಗೆ ಬರುವ ಹಿಂದಿಯಲ್ಲಿ ಒಂದೊಂದೇ ಪದ ಹುಡುಕಿ ಹುಡುಕಿ ಎಲ್ಲ ಹೇಳಿದರು. ಈ ನಲ್ಲಿಯಿಂದ ನಾನೇ ಹಿಡಿದೆ. ಕುದಿಸಲಿಲ್ಲ. ದಿನಾ ಹುಡುಗಿಗೆ ಕೊಟ್ಟೆ. ಈ ನೀರಿನಲ್ಲೇ ವಿಷ ಇದೆ, ಪೈಪು ಸರಿಮಾಡಿ, ಇಲ್ಲದಿದ್ದರೆ ಬೇರೆ ಮಕ್ಕಳಿಗೂ ಆಗುತ್ತದೆ. ಅವರು ಸಾಕ್ಷಿ ಹೇಳಲು ಬಂದಿದ್ದರು. ನಿಜ ಹೇಳಿದರೆ ಸರ್ಕಾರದವರು ಎದ್ದು ಕೆಲಸ ಮಾಡುತ್ತಾರೆ ಎಂದು ಎಣಿಸಿದ್ದರು. ಅಷ್ಟು ವರ್ಷ ನನ್ನ ಜೊತೆ ಇದ್ದೂ ಅವರಿಗೆ ಸರ್ಕಾರದ ಬಗ್ಗೆ ಆ ಗೌರವ ಉಳಿದಿತ್ತು.

ಐದೂ ಇಲಾಖೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಭಾರ ಇಳಿಸಿದವರ ನೋಟ ಅದು. ಮುಖ್ಯಸ್ಥರು ತಲೆದೂಗಿ, ಬಹಳ ಮೃದುವಾಗಿ ಹೇಳಿದರು:

“ಅಚ್ಛಾ, ಹಾಗಾದರೆ ಕಾರಣ ಮನೆಯೊಳಗೇ ಇದೆ. ಮಾತಾಜಿಯೇ ಒಪ್ಪಿಕೊಳ್ಳುತ್ತಿದ್ದಾರೆ.”

ಆಮೇಲೆ ನೋಡಬೇಕಿತ್ತು ಆ ಒಗ್ಗಟ್ಟನ್ನು. ಕುದಿಸದ ನೀರು, ಧಾರ್ಮಿಕ ಪದ್ಧತಿ ಎಂದರು ಆರೋಗ್ಯದವರು. ನಮ್ಮ ಕರಪತ್ರದಲ್ಲಿ ಕುದಿಸಿ ಎಂದು ಹೇಳಿಯೇ ಇದ್ದೆವಲ್ಲ ಎಂದೂ ಸೇರಿಸಿದರು. ಹಾಗಾದರೆ ರಸ್ತೆ ಕತ್ತರಿಸುವ ಅಗತ್ಯವಿಲ್ಲ ಎಂದರು ರಸ್ತೆಯವರು. ನೀರಿನ ಹಿರಿಯ ಅಧಿಕಾರಿ ಹೂಂ ಎಂದರು, ಪಾಲಿಕೆಯವರು ಹೂಂ ಎಂದರು. ತೋಟಗಾರಿಕೆಯವರಿಗೆ ಇದರಲ್ಲಿ ಏನು ಸಂಬಂಧವೋ, ಅವರೂ ಹೂಂ ಎಂದರು. ಒಂದು ಅರ್ಧ ದಿನದ ಕೆಲಸಕ್ಕೆ ಒಂದಾಗದಿದ್ದ ಐದು ಇಲಾಖೆಗಳು ಒಬ್ಬ ಮುದುಕಿಯ ಚೊಂಬಿನ ಮೇಲೆ ಅರ್ಧ ನಿಮಿಷದಲ್ಲಿ ಒಂದಾದವು. ಇದೇ ಅವರ ಸಮನ್ವಯ. ಬ್ಯಾನರಿನ ಐದು ಕೈ ನಮ್ಮ ಮನೆ ಬಾಗಿಲಿಗೆ ಬಂದದ್ದು ಹೀಗೆ.

ನಾನು ಸುಮ್ಮನಿರಲಿಲ್ಲ. ಮೇಲಿನ ಮನೆಯ ಹುಡುಗನಿಗೆ ಯಾರು ತೀರ್ಥ ಕೊಟ್ಟರು ಎಂದು ಕೇಳಿದೆ. ಗೋಲ್‌ಗಪ್ಪಾ ತಿಂದಿರಬೇಕು ಎಂದರು. ಇಸ್ತ್ರಿಯವನ ಹೆಂಡತಿ? ಅವರೆಲ್ಲ ಸ್ವಚ್ಛತೆ ಪಾಲಿಸುವುದಿಲ್ಲ ಮೇಡಂ ಎಂದರು. ಎಲ್ಲದಕ್ಕೂ ಉತ್ತರ ಇತ್ತು, ಮತ್ತು ಪ್ರತಿ ಉತ್ತರವೂ ಕಾಯಿಲೆ ಬಿದ್ದವರ ಬಾಯಿಗೇ ಬಂದು ನಿಲ್ಲುತ್ತಿತ್ತು. ನಿಮ್ಮ ಮುಂದೆ ಸೀಲ್ ಮಾಡಿದ ಬಾಟಲಿ ಯಾಕಿತ್ತು ಅವತ್ತು, ಈ ನಲ್ಲಿಯ ನೀರು ಅಷ್ಟು ಚೆನ್ನಾಗಿದ್ದರೆ ಎಂದು ಕೇಳಿದಾಗ ಮಾತ್ರ ಎಲ್ಲರೂ ಬಾಗಿಲ ಕಡೆ ತಿರುಗಿದರು. ಕಾರು ಹತ್ತಿದರು. ನಾನು ಗೇಟಿನವರೆಗೂ ಹಿಂದೆಯೇ ಹೋಗಿ, ಬಾಯಿಗೆ ಬಂದ ಹಿಂದಿಯಲ್ಲಿ ಬೈದೆ. ಇಷ್ಟು ವರ್ಷ ದೆಹಲಿಯಲ್ಲಿದ್ದು ಕಲಿತ ಹಿಂದಿಯೆಲ್ಲ ಅವತ್ತು ಉಪಯೋಗಕ್ಕೆ ಬಂತು. ಮನೆಗೆ ಬಂದರೆ ಅತ್ತೆ ಅದೇ ಜಾಗದಲ್ಲಿ ಚೊಂಬು ಹಿಡಿದುಕೊಂಡೇ ನಿಂತಿದ್ದರು. ಒಪ್ಪಿಕೊಂಡೆ ಅಂದರಲ್ಲ, ನಾನು ಏನು ಒಪ್ಪಿಕೊಂಡೆ ಎಂದು ನನ್ನನ್ನು ಕೇಳಿದರು. ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ದಿನ ತುಂಬುವ ಮೊದಲೇ ಮಗಳಿಗೆ ಹೆರಿಗೆಯಾಯಿತು. ಆ ವಾರ ನಾವು ಬದುಕಿದ್ದನ್ನು ಬದುಕು ಎನ್ನಲಾರೆ. ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರು, ರಕ್ತ ಕೊಡಿಸಿ ಎಂದರು, ಅಳಿಯನ ಆಫೀಸಿನ ಹುಡುಗರು ಗುರುಗ್ರಾಮದಿಂದ, ನೋಯ್ಡಾದಿಂದ ಓಡಿ ಬಂದು ತೋಳು ಚಾಚಿದರು. ಒಬ್ಬ ಮಂಗಳೂರಿನ ಕ್ರಿಶ್ಚಿಯನ್, ಒಬ್ಬ ಗುಲ್ಬರ್ಗದ ಮುಸ್ಲಿಂ ಹುಡುಗ, ಇನ್ನಿಬ್ಬರು ನಮ್ಮವರೇ. ಸಮನ್ವಯ ಎಂದರೆ ಏನೆಂದು ನಾನು ಮೊದಲ ಸಲ ನೋಡಿದ್ದು ಆ ರಕ್ತನಿಧಿಯ ಬಾಗಿಲಲ್ಲಿ. ಅವರು ಯಾರೂ ಸಭೆ ಕರೆಯಲಿಲ್ಲ. ಮಗಳು ಉಳಿದಳು. ಮಗುವೂ ಉಳಿಯಿತು, ಅಂಗೈಯಗಲದ ಹೆಣ್ಣುಮಗು, ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದು ಮನೆಗೆ ಬಂತು.

ರಸ್ತೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮಗು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಒಂದು ಬೆಳಿಗ್ಗೆ ಗೇಟಿನ ಬಳಿ ಯಂತ್ರದ ಸದ್ದು ಕೇಳಿ ನಾನು ಚಪ್ಪಲಿ ಸಹ ಹಾಕದೆ ಓಡಿದೆ. ರಸ್ತೆ ಕತ್ತರಿಸುತ್ತಿದ್ದರು. ಕೈ ಮುಗಿಯಬೇಕು ಅನ್ನಿಸಿತು. ಹತ್ತಿರ ಹೋದರೆ, ಇಂಟರ್‌ನೆಟ್ ಕೇಬಲ್ ಹಾಕುವವರು. ಅವರಿಗೆ ಅನುಮತಿ ಸಿಕ್ಕಿತ್ತು. ಅದೇ ಜಾಗ, ಅದೇ ಗ್ಯಾರಂಟಿ ರಸ್ತೆ. ಕೆಳಗೆ ಪೈಪು ಒಡೆದಿದೆ, ಅದನ್ನೂ ನೋಡಿ ಎಂದು ಗೋಗರೆದೆ. ಅದು ನಮ್ಮ ಕೆಲಸ ಅಲ್ಲ ಆಂಟಿ ಎಂದರು. ಕೇಬಲ್ ಇಳಿಸಿ, ಮಣ್ಣು ಮುಚ್ಚಿ, ಸಂಜೆಯೊಳಗೆ ಹೋದರು. ನೀರು ಈಗಲೂ ಆಗಾಗ ನಾರುತ್ತದೆ. ನಾನು ಈಗಲೂ ದೂರು ಕೊಡುತ್ತೇನೆ. ಪರಿಶೀಲನೆ ಮುಗಿದಿದೆ, ಕಾರಣ ಪತ್ತೆಯಾಗಿದೆ ಎಂದು ಉತ್ತರ ಬರುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಹಿತ್ತಲ ನಲ್ಲಿಯ ಕಡೆ ಹೋಗಲಿಲ್ಲ. ಪೂಜೆ ಬಿಡಲಿಲ್ಲ, ಆದರೆ ಹೂವು, ದೀಪ, ಅಷ್ಟೇ. ತಾಮ್ರದ ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಒಣಗಿಸಿ, ಬೋರಲು ಹಾಕಿಟ್ಟಿದ್ದರು. ತೀರ್ಥ ಯಾಕಿಲ್ಲ ಎಂದು ನಾವು ಕೇಳಲಿಲ್ಲ. ಕುದಿಸಿದ ನೀರೇ ಇಡಿ, ದೇವರು ಬೇಡ ಎನ್ನುವುದಿಲ್ಲ ಎಂದು ನನ್ನ ಗಂಡ ಒಮ್ಮೆ ಹೇಳಿದರು. ಅತ್ತೆ ಮಗನ ಮುಖ ನೋಡಿ ಒಳಗೆ ಹೋದರು.

ಮಗುವಿನ ನಾಮಕರಣದ ದಿನ ಅವರು ನನ್ನ ಗಂಡನನ್ನು ಬೇಗ ಎಬ್ಬಿಸಿ ಅಂಗಡಿಗೆ ಕಳಿಸಿದರು. ಏನು ತರಲು ಎಂದು ನನಗೆ ಗೊತ್ತಿರಲಿಲ್ಲ. ಮನೆತುಂಬ ಜನ, ಅಳಿಯನ ಕಡೆಯವರು, ರಕ್ತ ಕೊಟ್ಟ ನಾಲ್ಕೂ ಹುಡುಗರು. ಮಂಗಳಾರತಿ ಆಯಿತು. ಅತ್ತೆ ದೇವರ ಪೀಠದ ಹಿಂದಿನಿಂದ ಒಂದು ನೀರಿನ ಬಾಟಲಿ ತೆಗೆದರು. ಅವತ್ತು ವೇದಿಕೆಯ ಮೇಲೆ ಐವರ ಮುಂದೆಯೂ ಇದ್ದಂಥದೇ. ಫಿಲ್ಟರಿನ ಪ್ಲಾಸ್ಟಿಕ್ ಮಡಿಯಲ್ಲ ಎಂದ ಹೆಂಗಸು ಅಂಗಡಿಯ ಪ್ಲಾಸ್ಟಿಕ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಚ್ಚಳ ತಿರುಗಿಸಿ, ನೀರನ್ನು ಪಂಚಪಾತ್ರೆಗೆ ಸುರಿದು ತುಳಸಿ ಹಾಕಿದರು. ಎಲ್ಲರಿಗೂ ತೀರ್ಥ ಕೊಟ್ಟರು. ಮಗಳ ಮುಂದೆ ಬಂದಾಗ ಮಾತ್ರ ಕೈ ನಿಂತಿತು. ಅವಳು ಮಗುವನ್ನು ಎಡಗೈಗೆ ಬದಲಿಸಿಕೊಂಡು, ಬಲ ಅಂಗೈ ಬಟ್ಟಲು ಮಾಡಿ ಚಾಚಿದಳು. ಕೊಡಿ ಅಜ್ಜಿ ಎಂದಳು.

ಅತ್ತೆ ಉದ್ಧರಣೆ ಕೆಳಗಿಟ್ಟರು. ಪೀಠದ ಬಳಿ ಹೋಗಿ ಖಾಲಿ ಬಾಟಲಿ ಮತ್ತು ಮುಚ್ಚಳದ ಕೆಳಗಿಂದ ಕಿತ್ತುಬಂದ ಪ್ಲಾಸ್ಟಿಕ್ ಉಂಗುರ ತಂದು ಮೊಮ್ಮಗಳಿಗೆ ತೋರಿಸಿದರು.

“ನೋಡು ಮಗೂ, ಸೀಲ್ ಇತ್ತು. ಎಲ್ಲರ ಮುಂದೇನೇ ಒಡೆದೆ. ನೀನೂ ನೋಡ್ದೆ ತಾನೆ?”

ಮಗಳು ಹೂಂ ಅಜ್ಜಿ, ನೋಡಿದೆ ಎಂದಳು. ಆಮೇಲೇ ಅತ್ತೆ ಅವಳ ಅಂಗೈಗೆ ತೀರ್ಥ ಹಾಕಿದ್ದು.